ಪಥ್ಯದ ಸಾರು

ಮೂವತ್ತು ವರ್ಷಗಳ ಹಿಂದೆ ನಾನು ತವರಿನಲ್ಲಿ ಬಾಣಂತಿಯಾಗಿದ್ದಾಗ ಅಮ್ಮ ದಿನವೂ ಅನ್ನಕ್ಕೆ ಮೆಣಸು ಜೀರಿಗೆಯ ಸಾರನ್ನೇ ಬಡಿಸುತ್ತಿದ್ದಳು. ನನಗೋ ಬಿ.ಎ., ಬಿ.ಎಡ್. ಮುಗಿಸಿದ ಗರ್ವ. ಪಥ್ಯವೆಲ್ಲ ಮೂಢನಂಬಿಕೆ ಎಂದು ವಾದಿಸಿ, ಅವಳು ಅತ್ತ ತಿರುಗಿದೊಡನೆ ಲೋಟದ ಸಾರನ್ನು ಹಿತ್ತಲಿನ ಬಾಳೆಯ ಬುಡಕ್ಕೆ ಸುರಿದು ಬರುತ್ತಿದ್ದೆ.

ಕಳೆದ ವರ್ಷ ಹೊಟ್ಟೆಯುಬ್ಬರ, ನುಲಿತ ಶುರುವಾಯಿತು. ಪಾಠದ ನಡುವೆ ತರಗತಿ ಬಿಟ್ಟು ಓಡುವಂತಾಯಿತು. ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮಾಡಿಸಿ, "ಹೆದರಬೇಡಿ ಟೀಚರ್. ಮೂರು ವಾರ ಹಾಲು, ಗೋಧಿ, ಕಡಲೆಕಾಯಿ, ಟೊಮೇಟೊ, ಮೆಣಸಿನಕಾಯಿ ಬಿಡಿ. ಆಮೇಲೆ ಒಂದೊಂದಾಗಿ ಸೇರಿಸಿ ನೋಡೋಣ" ಎಂದರು. ಈ ವಿಧಾನವನ್ನು ಕ್ರಮಬದ್ಧವಾಗಿ ರೂಪಿಸಿದವರು ಅಮೆರಿಕದ ಕ್ಯಾಲಿಫೋರ್ನಿಯಾದ ವೈದ್ಯ ಆಲ್ಬರ್ಟ್ ರೋ. ಆಹಾರದ ಅಲರ್ಜಿಯ ಬಗ್ಗೆ ಅವರ ಗ್ರಂಥ ಬಂದದ್ದು 1931ರಲ್ಲಿ. ಗೋಧಿ, ಹಾಲು, ಮೊಟ್ಟೆ ಇಲ್ಲದ ಊಟದ ಪಟ್ಟಿಗಳನ್ನು ಅವರು ರೋಗಿಗಳಿಗೆ ಕೊಡುತ್ತಿದ್ದರು.

ಪಟ್ಟಿ ಹಿಡಿದು ಅಡುಗೆಮನೆಗೆ ಬಂದೆ. ಟೊಮೇಟೊ, ಮೆಣಸಿನಕಾಯಿ ಇಲ್ಲದ ಮೇಲೆ ಸಾರೆಲ್ಲಿಯದು? ತುಪ್ಪದ ಒಗ್ಗರಣೆಯೂ ಇಲ್ಲ, ಅದು ಹಾಲಿನದೇ ತಾನೆ. ಇಂಗಿನ ಡಬ್ಬಿಯ ಮೇಲಿನ ಸಣ್ಣಕ್ಷರ ಓದಿದರೆ ಅದರಲ್ಲೂ ಗೋಧಿ ಹಿಟ್ಟು! ಕೊನೆಗೆ ಉಳಿದದ್ದು ಹೆಸರುಬೇಳೆಯ ಕಟ್ಟು, ಹೀರೇಕಾಯಿ, ಜೀರಿಗೆ, ಚಿಟಿಕೆ ಕಾಳುಮೆಣಸು, ಉಪ್ಪು. ಕುದಿಯುತ್ತಲೇ ಮನೆ ತುಂಬಿದ ವಾಸನೆ ಅಮ್ಮನದೇ.

ಇತಿಹಾಸದ ಮೇಡಂ ಸುಮ್ಮನಿರಲಾದೀತೆ? ಪುಸ್ತಕ ತೆರೆದೆ. ಚರಕಸಂಹಿತೆಯ ಎರಡನೆಯ ಅಧ್ಯಾಯದಲ್ಲಿ 28 ಬಗೆಯ ಗಂಜಿಗಳಿವೆ. ಶೋಧನ ಚಿಕಿತ್ಸೆಯ ನಂತರ ಮೊದಲು ತೆಳು ಗಂಜಿ, ಆಮೇಲೆ ಗಟ್ಟಿ ಗಂಜಿ, ಬಳಿಕ ಉಪ್ಪು, ಖಾರ, ಜಿಡ್ಡು ಇಲ್ಲದ ಬೇಳೆಕಟ್ಟು, ಅದಾದ ಮೇಲೆ ಅವನ್ನು ಸೇರಿಸಿದ ಕಟ್ಟು. ಬೇಳೆಕಾಳುಗಳಲ್ಲಿ ಹೆಸರೇ ಶ್ರೇಷ್ಠವೆಂದೂ ಅಲ್ಲಿದೆ. ಕನ್ನಡದಲ್ಲೇ 1025ರ ಸುಮಾರಿಗೆ ಚಾವುಂಡರಾಯ 'ಲೋಕೋಪಕಾರ'ದಲ್ಲಿ ಅಡುಗೆಗೆ ಜಾಗ ಕೊಟ್ಟ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನೇ ಬರೆದ. ಅವರ ಖಾರ ಕಾಳುಮೆಣಸಿನದು. ಮೆಣಸಿನಕಾಯಿ, ಟೊಮೇಟೊ, ಕಡಲೆಕಾಯಿ ಮೂರೂ ಅಮೆರಿಕ ಖಂಡದವು. 1498ರಲ್ಲಿ ವಾಸ್ಕೋ ಡ ಗಾಮ ಬಂದಿಳಿದ ಮೇಲೆಯೇ ಅವು ನಮ್ಮತ್ತ ಬಂದದ್ದು. ಹೊಸ ಕಾಯಿಗೆ ನಾವು ಹಳೆಯ ಮೆಣಸಿನ ಹೆಸರನ್ನೇ ಇಟ್ಟುಕೊಂಡೆವು. ಆದರೆ ಬಾಣಂತಿಯ ಕೋಣೆಯ ಸಾರಿನಲ್ಲಿ ಮಾತ್ರ ಹಳೆಯ ಮೆಣಸೇ ಉಳಿಯಿತು.

ಹಾಗಾದರೆ ನನ್ನ ಹೊಟ್ಟೆ ಕೆಡಿಸಿದ್ದು ಪರದೇಶದ ಈ ಸರಕೇ ಎಂದು ತೀರ್ಮಾನಿಸಿಯೂ ಬಿಟ್ಟೆ. ಮೂರು ವಾರದಲ್ಲಿ ಹೊಟ್ಟೆ ತಣ್ಣಗಾಯಿತು. ಟೊಮೇಟೊ ಸೇರಿಸಿದೆ, ಏನೂ ಆಗಲಿಲ್ಲ. ಮೆಣಸಿನಕಾಯಿ, ಕಡಲೆಕಾಯಿ, ಗೋಧಿ, ಯಾವುದೂ ತೊಂದರೆ ಕೊಡಲಿಲ್ಲ. ಕೊನೆಗೆ ಬೆಳಗಿನ ಕಾಫಿಗೆ ಹಾಲು ಬೆರೆಸಿದೆ. ಮೂರನೇ ಪೀರಿಯಡ್ಡಿಗೆ ಮುಂಚೆಯೇ ಉತ್ತರ ಸಿಕ್ಕಿತು! ಅಪರಾಧಿ ಸಾರಿನಲ್ಲಿರಲೇ ಇಲ್ಲ.

ಇದರಿಂದ ನನಗೆ ತಿಳಿದದ್ದಿಷ್ಟು. ಬಿಡುವುದನ್ನು ಅಮ್ಮನ ಪಥ್ಯವೂ ಕಲಿಸುತ್ತಿತ್ತು. ಬಿಟ್ಟದ್ದನ್ನು ಒಂದೊಂದಾಗಿ ಮರಳಿ ತಂದು ಪರೀಕ್ಷಿಸುವುದನ್ನು ಡಾಕ್ಟರಮ್ಮ ಕಲಿಸಿದರು. ಪರೀಕ್ಷಿಸದೆ ಎಲ್ಲವನ್ನೂ ಬಿಟ್ಟು ಕುಳಿತರೆ ಮೈ ಸೊರಗುತ್ತದೆ. ಬಾಣಂತಿಗೆ ನೀರು, ಸೊಪ್ಪು ಕೊಡದ ಪಥ್ಯ ನಮ್ಮಲ್ಲಿ ಎಷ್ಟು ತಾಯಂದಿರನ್ನು ಬಳಲಿಸಿತೋ!

ಅಮ್ಮ ಈಗಿಲ್ಲ. ಮುಂದಿನ ತಿಂಗಳು ಮಗಳು ಹೆರಿಗೆಗೆ ಬರುತ್ತಾಳೆ. ಸೊಪ್ಪಿನ ಪಲ್ಯ, ಕೇಳಿದಷ್ಟು ನೀರು, ಜೊತೆಗೆ ಹೆಸರುಕಟ್ಟಿನ ಮೆಣಸಿನ ಸಾರು. ಅವಳದನ್ನು ಹಿತ್ತಲಿಗೆ ಸುರಿದರೆ ಕಂಡೂ ಕಾಣದಂತೆ ಇದ್ದುಬಿಡುತ್ತೇನೆ. ಅಮ್ಮನೂ ಹಾಗೆಯೇ ಇದ್ದಳೇನೋ.