ಸೆರೆಮನೆಯ ಸುಧಾರಣೆಯೂ ಬಂದಿನಿಯರ ಕೃತಜ್ಞತೆಯೂ

ಕಾರಾಗೃಹದ ಆಡಳಿತವನ್ನು ದಂಡನೆಯ ಮಾರ್ಗದಿಂದ ಶಿಕ್ಷಣದ ಮಾರ್ಗಕ್ಕೆ ತಿರುಗಿಸಲು ಯತ್ನಿಸಿದ ಮೇಲ್ವಿಚಾರಕಿಯರನ್ನು ಕುರಿತು ಅಲ್ಲಿ ಬಂಧಿತರಾಗಿದ್ದ ಸ್ತ್ರೀಯರು ತೋರಿದ ಕೃತಜ್ಞತೆ ಮತ್ತು ನಿಷ್ಠೆಗಳ ಇತಿಹಾಸವು ಮಹತ್ತ್ವದ್ದಾದರೂ ಅದರ ಆಧಾರಗಳು ವಿರಳ. ವರದಿಗಳನ್ನು ಬರೆದವರು ಅಧಿಕಾರಿಗಳು. ಬಂದಿನಿಯರಲ್ಲಿ ಬಹುಮಂದಿಗೆ ಅಕ್ಷರಜ್ಞಾನವಿರಲಿಲ್ಲ. ಬರೆಯಬಲ್ಲವರ ಕಾಗದಗಳು ಜೈಲಿನವರ ಕಣ್ಣಿಗೆ ಬಿದ್ದ ಮೇಲೆಯೇ ಹೊರಗೆ ಹೋಗತಕ್ಕವು. ಊಟ, ಬಟ್ಟೆ, ಭೇಟಿ, ಬಿಡುಗಡೆಯ ಶಿಫಾರಸು ಇವೆಲ್ಲವೂ ಯಾರ ಕೈಯಲ್ಲಿರುವುವೋ ಅವರನ್ನು ಸೆರೆಯಲ್ಲಿರುವವಳು ಹೊಗಳಿದರೆ ಆ ಮಾತನ್ನು ಹಾಗೆಯೇ ಪ್ರಮಾಣವೆಂದು ಸ್ವೀಕರಿಸುವುದು ಚರಿತ್ರಕಾರನಿಗೆ ಸಾಧ್ಯವಿಲ್ಲ. ಹೊಗಳಿಕೆಯಿಂದ ಯಾವ ಲಾಭವೂ ಇಲ್ಲದೆ, ಕೆಲವೊಮ್ಮೆ ಹಾನಿಯೇ ಸಂಭವವಾಗಿದ್ದ ಸಂದರ್ಭಗಳಲ್ಲಿ ಆ ಸ್ತ್ರೀಯರು ಹೇಗೆ ನಡೆದುಕೊಂಡರೆಂಬುದೇ ಇಲ್ಲಿ ನಂಬತಕ್ಕ ಸಾಕ್ಷ್ಯ.

ಈ ಇತಿಹಾಸದ ಆರಂಭವನ್ನು ಸಾಮಾನ್ಯವಾಗಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯಲ್ಲಿ ಗುರುತಿಸುತ್ತಾರೆ. ಕ್ವೇಕರ್ ಪಂಥದ ಗೃಹಿಣಿ ಎಲಿಜ಼ಬೆತ್ ಫ್ರೈ 1813ರಲ್ಲಿ ಮೊದಲ ಬಾರಿ ಅಲ್ಲಿನ ಸ್ತ್ರೀವಿಭಾಗವನ್ನು ಹೊಕ್ಕಾಗ, ವಿಚಾರಣೆಗೆ ಕಾದಿದ್ದವರೂ ಶಿಕ್ಷೆಗೊಳಗಾದವರೂ ಅವರ ಹಸುಮಕ್ಕಳೂ ಒಂದೇ ಎಡೆಯಲ್ಲಿ ಕಿಕ್ಕಿರಿದು ಬಿದ್ದಿದ್ದರು. 1817ರಲ್ಲಿ ಆಕೆ ಸ್ತ್ರೀಯರ ಸಂಘವೊಂದನ್ನು ಕಟ್ಟಿ, ಮಕ್ಕಳಿಗೆ ಪಾಠಶಾಲೆಯನ್ನೂ ತಾಯಂದಿರಿಗೆ ಹೊಲಿಗೆಯ ಕೆಲಸವನ್ನೂ ಏರ್ಪಡಿಸಿದಳು. ಆದರೆ ನಮ್ಮ ಗಮನಕ್ಕೆ ಹೆಚ್ಚು ಅರ್ಹವಾದುದು ಆಕೆ ನಿಯಮಗಳನ್ನು ಜಾರಿಗೆ ತಂದ ರೀತಿ. ಒಂದೊಂದು ನಿಯಮವನ್ನೂ ಬಂದಿನಿಯರ ಮುಂದೆ ಓದಿ, ಅವರು ಕೈಯೆತ್ತಿ ಒಪ್ಪಿದ ಮೇಲೆಯೇ ಅದು ನಿಯಮವಾಯಿತು. ತಮ್ಮನ್ನು ಯಾರೂ ಏನನ್ನೂ ಕೇಳದಿದ್ದ ಸ್ಥಳದಲ್ಲಿ ಒಬ್ಬಳು ಬಂದು ಅಭಿಪ್ರಾಯ ಕೇಳಿದಳೆಂಬುದು ಅವರಿಗೆ ಹೊಸ ಅನುಭವ. ಅವರ ವಿಶ್ವಾಸ ಅಲ್ಲಿಂದ ಮೊದಲಾಯಿತೆಂದು ಹೇಳಬಹುದು.

ಆ ವಿಶ್ವಾಸದ ಕುರುಹೊಂದು ಇಂದಿಗೂ ಉಳಿದಿದೆ. ದೇಶಾಂತರ ಶಿಕ್ಷೆಗೆ ಗುರಿಯಾಗಿ ಹಡಗು ಹತ್ತುವ ಸ್ತ್ರೀಯರಿಗೆ ಫ್ರೈಯ ಅನುಯಾಯಿಗಳು ಸೂಜಿ, ದಾರ, ಚಿಂದಿಬಟ್ಟೆಗಳನ್ನು ತುಂಬಿದ ಚೀಲವನ್ನು ಕೊಡುತ್ತಿದ್ದರು. 1841ರಲ್ಲಿ ‘ರಾಜಾ’ ಎಂಬ ಹಡಗಿನಲ್ಲಿ ಸುಮಾರು 180 ಮಂದಿ ಸ್ತ್ರೀಯರು ಇಂದಿನ ಟಾಸ್ಮೇನಿಯಕ್ಕೆ ಒಯ್ಯಲ್ಪಟ್ಟಾಗ, ಕೆಜ಼ಾಯ ಹೇಟರ್ ಎಂಬ ಮೇಲ್ವಿಚಾರಕಿಯ ಆಶ್ರಯದಲ್ಲಿ ಅವರು ಸಮುದ್ರದ ಮೇಲೆಯೇ 2815 ತುಂಡುಗಳನ್ನು ಜೋಡಿಸಿ, ನಮ್ಮ ಕಡೆಯ ಅಜ್ಜಿಯರು ಹೊಲಿಯುವ ಕೌದಿಯನ್ನು ನೆನಪಿಗೆ ತರುವ ದೊಡ್ಡದೊಂದು ಹೊದಿಕೆಯನ್ನು ರಚಿಸಿ, ತಮಗೆ ಉಪಕರಿಸಿದ ಮಹಿಳಾ ಸಮಿತಿಗೆ ಕೃತಜ್ಞತೆಯನ್ನು ಸೂಚಿಸುವ ಒಕ್ಕಣೆಯನ್ನು ಅದರ ಅಂಚಿನಲ್ಲಿ ನೂಲಿನಿಂದಲೇ ಬರೆದರು. ಅದು ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿದೆ. ಹೊಲಿದವರು ತಮ್ಮ ಹೆಸರುಗಳನ್ನು ಅದರಲ್ಲಿ ಬರೆದುಕೊಳ್ಳಲಿಲ್ಲ. ಇಂಗ್ಲೆಂಡಿಗೆ ಹಿಂದಿರುಗುವ ಆಶೆಯೂ ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲವಾದುದರಿಂದ, ಇದನ್ನು ಲಾಭಾಪೇಕ್ಷೆಯ ಸ್ತುತಿಯೆನ್ನಲು ನನಗೆ ಮನಸ್ಸು ಬಾರದು.

ಭಾರತಕ್ಕೆ ಈ ವಿಚಾರವನ್ನು ತಂದವರಲ್ಲಿ ಮೇರಿ ಕಾರ್ಪೆಂಟರ್ ಪ್ರಮುಖಳು. 1866ರಲ್ಲಿ ಬಂದು ಇಲ್ಲಿನ ಜೈಲುಗಳನ್ನು ಕಂಡ ಆಕೆ, ಸ್ತ್ರೀಯರ ಕಾವಲಿಗೆ ಸ್ತ್ರೀಯರೇ ಬೇಕೆಂದು ಸರಕಾರವನ್ನು ಒತ್ತಾಯಿಸಿದಳು. 1894ರ ಕಾರಾಗೃಹ ಕಾಯಿದೆಯು ಸ್ತ್ರೀಯರನ್ನು ಪುರುಷರಿಂದ ಬೇರ್ಪಡಿಸಿಡಬೇಕೆಂದು ವಿಧಿಸಿತು. ಅವರ ಶಿಕ್ಷಣ, ಉದ್ಯೋಗಗಳ ಚಿಂತೆ ಆ ಕಾಯಿದೆಗೆ ಅಷ್ಟಾಗಿ ಇರಲಿಲ್ಲ.

ನಿಷ್ಠೆಯ ನಿಜವಾದ ಪರೀಕ್ಷೆ ನಡೆದುದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರಾಮಿಂಗ್‌ಹ್ಯಾಮಿನಲ್ಲಿ. 1877ರಲ್ಲಿ ತೆರೆದ ಅಲ್ಲಿನ ಮಹಿಳಾ ಸುಧಾರಣಾಲಯಕ್ಕೆ 1932ರಲ್ಲಿ ಸೂಪರಿಂಟೆಂಡೆಂಟಾಗಿ ಬಂದ ಮಿರಿಯಂ ವ್ಯಾನ್ ವಾಟರ್ಸ್ (1887–1974) ಪಾದ್ರಿಯೊಬ್ಬರ ಮಗಳು. ಮಾನವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಲಾಸ್ ಏಂಜಲಿಸ್ಸಿನ ಬಾಲಾಪರಾಧಿಗಳ ನ್ಯಾಯಾಲಯದಲ್ಲಿ ದುಡಿದು ಬಂದವಳು. ತನ್ನ ವಶದಲ್ಲಿದ್ದವರನ್ನು ಆಕೆ ಕೈದಿಗಳೆಂದು ಕರೆಯದೆ ವಿದ್ಯಾರ್ಥಿನಿಯರೆಂದು ಕರೆದಳು. ಸೆರೆಯಲ್ಲಿ ಹೆತ್ತ ತಾಯಿಯ ಬಳಿಯಲ್ಲೇ ಕೂಸು ಬೆಳೆಯುವಂತೆ ಶಿಶುಗೃಹವನ್ನು ನಡೆಸಿದಳು; ನಾಟಕ, ಸಾಹಿತ್ಯಕೂಟಗಳಿಗೆ ಎಡೆಮಾಡಿದಳು; ಹಳೆಯ ಕಾನೂನೊಂದರ ಆಧಾರದ ಮೇಲೆ, ಬಿಡುಗಡೆಗೆ ಮೊದಲೇ ಹೊರಗಿನ ಮನೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಕೂಲಿಗೆ ದುಡಿಯಲು ಅವರನ್ನು ಕಳುಹಿಸಿದಳು; ಬಿಡುಗಡೆಯಾದ ಕೆಲವರಿಗೆ ಅದೇ ಸಂಸ್ಥೆಯಲ್ಲಿ ನೌಕರಿಯನ್ನೂ ಕೊಟ್ಟಳು. ಹೊರಗೆ ಹೋದವರು ಮದುವೆ, ಮಕ್ಕಳು, ಮತ್ತೆ ಬಂದೊದಗಿದ ಕಷ್ಟ ಎಲ್ಲವನ್ನೂ ಆಕೆಗೆ ಬರೆದು ತಿಳಿಸುತ್ತಿದ್ದರು.

1949ರ ಜನವರಿಯಲ್ಲಿ ಕಾರಾಗೃಹ ಇಲಾಖೆಯ ಕಮಿಷನರ್ ಎಲಿಯಟ್ ಮ್ಯಾಕ್‌ಡೋವೆಲ್ ಆಕೆಯನ್ನು ಪದಚ್ಯುತಗೊಳಿಸಿದರು. ಬಂದಿನಿಯರನ್ನು ಅಕ್ರಮವಾಗಿ ಹೊರಗೆ ದುಡಿಯಲು ಬಿಟ್ಟುದು, ಹಳೆಯ ಕೈದಿಗಳನ್ನು ನೌಕರಿಗೆ ಸೇರಿಸಿಕೊಂಡುದು, ಬಂದಿನಿಯರೊಳಗಿನ ದೈಹಿಕ ಸಂಬಂಧಗಳನ್ನು ಕಂಡೂ ಕಾಣದಂತಿದ್ದುದು ಇವು ಆರೋಪಗಳಲ್ಲಿ ಮುಖ್ಯವಾದವು. ಬಹಿರಂಗವಾಗಿ ನಡೆದ ವಿಚಾರಣೆಯು ದೇಶದ ಪತ್ರಿಕೆಗಳ ಮುಖಪುಟಗಳನ್ನು ತುಂಬಿತು. ಈಗ ಆಕೆಗೆ ಯಾರಿಗೂ ಏನನ್ನೂ ಕೊಡುವ ಶಕ್ತಿ ಇರಲಿಲ್ಲ. ಇಂಥ ಸಮಯದಲ್ಲಿ, ತಾವು ಸೆರೆಯಲ್ಲಿದ್ದವರೆಂಬುದು ಊರಿಗೆಲ್ಲ ತಿಳಿದೀತೆಂಬ ಅಂಜಿಕೆಯನ್ನು ಬದಿಗೊತ್ತಿ ಹಳೆಯ ವಿದ್ಯಾರ್ಥಿನಿಯರು ಆಕೆಯ ಪರವಾಗಿ ನಿಂತರೆಂಬುದನ್ನು ಎಷ್ಟು ಗೌರವದಿಂದ ನೆನೆದರೂ ಸಾಲದು. ಹೊಸ ಬದುಕನ್ನು ಕಟ್ಟಿಕೊಂಡವಳಿಗೆ ಆ ಗುಟ್ಟೇ ಸರ್ವಸ್ವ. ಗವರ್ನರ್ ಪಾಲ್ ಡೆವರ್ ನೇಮಿಸಿದ, ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಅರ್ವಿನ್ ಗ್ರಿಸ್ವಲ್ಡರ ನೇತೃತ್ವದ ಮೂವರ ಮಂಡಲಿಯು ಮಾರ್ಚ್ ತಿಂಗಳಲ್ಲಿ ಪದಚ್ಯುತಿಯನ್ನು ರದ್ದುಪಡಿಸಿತು. ಆಕೆ ಹಿಂದಿರುಗಿ 1957ರವರೆಗೆ ಅಧಿಕಾರದಲ್ಲಿದ್ದಳು. ಆದರೆ ಕೂಲಿಯ ಕೆಲಸಕ್ಕೆ ಹೊರಗೆ ಕಳುಹಿಸುವ ಪದ್ಧತಿ ಮೊದಲಿನ ಸ್ವಾತಂತ್ರ್ಯವನ್ನು ಕಳೆದುಕೊಂಡಿತು. ಅಧಿಕಾರಿಣಿ ಉಳಿದಳು, ಆಕೆಯ ಕಾರ್ಯದ ಒಂದು ಭಾಗ ಉಳಿಯಲಿಲ್ಲ.

ಕರ್ನಾಟಕದಲ್ಲಿ ಬಂದಿನಿಯರ ಸ್ಥಿತಿಯನ್ನು ಬೆಳಕಿಗೆ ತಂದವರು ಅಧಿಕಾರಿಯಲ್ಲ, ಸ್ವತಃ ಬಂಧಿತರಾಗಿದ್ದ ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಚಲನಚಿತ್ರದ ಈ ಅಭಿನೇತ್ರಿ ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ ಬಂಧನಕ್ಕೊಳಗಾಗಿ ಬೆಂಗಳೂರಿನ ಕೇಂದ್ರ ಕಾರಾಗೃಹವನ್ನು ಸೇರಿದರು. ಉಬ್ಬಸದಿಂದ ನರಳುತ್ತಿದ್ದರೂ, ಸಾಮಾನ್ಯ ಸ್ತ್ರೀಕೈದಿಗಳನ್ನು ಹೊಡೆಯುವುದನ್ನು ವಿರೋಧಿಸಿ ನಿಲ್ಲಿಸಿದುದನ್ನೂ ಅವರ ಊಟ ಮತ್ತು ನೀರಿನ ವ್ಯವಸ್ಥೆ ಸುಧಾರಿಸಿದುದನ್ನೂ ಅವರು ತಮ್ಮ ದಿನಚರಿಯಲ್ಲಿ ದಾಖಲಿಸಿದ್ದಾರೆ. ಪೆರೋಲಿನ ಮೇಲೆ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಅವರು ತೀರಿಕೊಂಡರು. ಆಳುವ ಕೈಯಿಂದ ಬಾರದ ಕರುಣೆ ಪಕ್ಕದ ಕೋಣೆಯಿಂದ ಬಂದ ಈ ಪ್ರಸಂಗವನ್ನು ಬಿಟ್ಟು ನಮ್ಮ ನಾಡಿನ ಸೆರೆಮನೆಗಳ ಚರಿತ್ರೆಯನ್ನು ಬರೆಯಲಾಗದು. ದೆಹಲಿಯ ತಿಹಾರ್ ಜೈಲಿನಲ್ಲಿ 1993ರಿಂದ 1995ರವರೆಗೆ ಮುಖ್ಯಸ್ಥೆಯಾಗಿದ್ದ ಕಿರಣ್ ಬೇಡಿಯವರು ದೂರುಗಳನ್ನು ನೇರವಾಗಿ ಸ್ವೀಕರಿಸುವ ಸಂಚಾರಿ ಪೆಟ್ಟಿಗೆಯನ್ನೂ ತಾಯಂದಿರೊಡನೆ ಸೆರೆಯಲ್ಲಿದ್ದ ಮಕ್ಕಳಿಗೆ ಶಿಶುವಿಹಾರವನ್ನೂ ಏರ್ಪಡಿಸಿದುದು ಫ್ರೈ, ವ್ಯಾನ್ ವಾಟರ್ಸ್ ಇವರ ಪರಂಪರೆಗೆ ಸೇರಿದುದು.

ವ್ಯಕ್ತಿಯ ಔದಾರ್ಯವನ್ನು ವಿಧಿಯಾಗಿ ಮಾರ್ಪಡಿಸುವ ಯತ್ನ ತಡವಾಗಿ ನಡೆಯಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅಧ್ಯಕ್ಷತೆಯ ರಾಷ್ಟ್ರೀಯ ತಜ್ಞರ ಸಮಿತಿಯು 1987ರಲ್ಲಿ ಬಂದಿನಿಯರನ್ನು ಕುರಿತೇ ವರದಿ ಸಲ್ಲಿಸಿತು. 2006ರಲ್ಲಿ ಆರ್. ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆರು ವರ್ಷದವರೆಗೆ ಮಗು ತಾಯಿಯೊಡನಿರಬಹುದೆಂದೂ, ಸೆರೆಯಲ್ಲಿ ಹುಟ್ಟಿದ ಮಗುವಿನ ಜನನಪತ್ರದಲ್ಲಿ ಸೆರೆಮನೆಯನ್ನು ಜನ್ಮಸ್ಥಳವೆಂದು ಬರೆಯಕೂಡದೆಂದೂ ವಿಧಿಸಿತು. ಫ್ರಾಮಿಂಗ್‌ಹ್ಯಾಮಿನ ತಾಯಿ ಒಬ್ಬಳ ದಯೆಯೆಂದು ಪಡೆದುದನ್ನು ಇಲ್ಲಿನ ತಾಯಿ ಹಕ್ಕೆಂದು ಕೇಳಬಹುದು. ಅದಕ್ಕಾಗಿ ಯಾರಿಗೂ ಋಣಿಯಾಗಬೇಕಾಗಿಲ್ಲ.

ಆದರೂ ಒಂದು ತೊಡಕು ಉಳಿದೇ ಇದೆ. ಕರ್ನಾಟಕದ ತುಮಕೂರಿನಲ್ಲಿ ಸ್ತ್ರೀಯರಿಗಾಗಿಯೇ ಮೀಸಲಾದ ಕಾರಾಗೃಹವಿದೆ. ದೇಶದ ಬಂದಿಗಳಲ್ಲಿ ಸ್ತ್ರೀಯರು ನೂರಕ್ಕೆ ಸುಮಾರು 4 ಮಂದಿ ಮಾತ್ರ. ಆದುದರಿಂದ ಅವರಿಗೆ ಪ್ರತ್ಯೇಕ ಸೆರೆಮನೆಗಳು ಕೆಲವೇ. ಪ್ರತ್ಯೇಕತೆಯಿಂದ ರಕ್ಷಣೆ ದೊರೆತರೂ, ದೂರದ ಜಿಲ್ಲೆಯಿಂದ ಇಂಥ ಕಡೆಗೆ ಬಂದವಳನ್ನು ನೋಡಲು ಅವಳ ತಾಯಿಯೋ ತಂಗಿಯೋ ದಿನದ ಕೂಲಿ ಬಿಟ್ಟು, ಬಸ್ಸಿನ ಖರ್ಚು ಹೊಂದಿಸಿಕೊಂಡು ಹೊರಡಬೇಕಾಗುತ್ತದೆ. 2010ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಬ್ಯಾಂಕಾಕ್ ನಿಯಮಗಳ ನಾಲ್ಕನೆಯದು, ಬಂದಿನಿಯನ್ನು ಸಾಧ್ಯವಾದಮಟ್ಟಿಗೆ ಅವಳ ಮನೆಗೆ ಸಮೀಪದಲ್ಲಿಯೇ ಇಡಬೇಕೆಂದು ಹೇಳುತ್ತದೆ.