ಶುಗರ್ ಇದ್ದವರಿಗೆ ಗಾಯ ಆದ್ರೆ 'ನಂಜು' ಅಂತ ಊಟ ಬಿಡಬೇಡಿ

ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿ-ನ್ಯಾಮತಿಯ ಗದ್ದೆ, ಜಗಳೂರಿನ ಹೊಲ, ಎಲ್ಲಿಯೇ ಕಾಲಿಗೆ ಗಾಯವಾದರೂ ಮೊಟ್ಟೆ, ಮೀನು, ಬೇಳೆ 'ನಂಜು' ಅಂತ ಬಿಡಿಸುವವರಿದ್ದಾರೆ. ಶುಗರ್ ಇದ್ದವರಿಗೆ ಇದರಿಂದ ನಷ್ಟವೇ ಹೆಚ್ಚು. ಹೊಸ ಚರ್ಮ ಬೆಳೆಯಲು ಪ್ರೋಟೀನ್ ಬೇಕೇ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಿಗುತ್ತೆ. ಮೊಟ್ಟೆ ತಿನ್ನದವರಿಗೆ ಹೆಸರುಕಾಳು, ಕಡಲೆ, ಶೇಂಗಾ, ಮೊಸರು ಇದೆ. ನೆಲ್ಲಿಕಾಯಿ, ಪೇರಲದಲ್ಲಿ ಗಾಯ ಮಾಯಲು ಬೇಕಾದ ವಿಟಮಿನ್ ಸಿ ಉಂಟು. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಎಷ್ಟು ಅಂತ ಡಾಕ್ಟರನ್ನು ಕೇಳಿಯೇ ತಿನ್ನಿ.

ಅನ್ನ, ಮುದ್ದೆ, ರೊಟ್ಟಿ ಅಳತೆಯಲ್ಲಿರಲಿ. ರಕ್ತದಲ್ಲಿ ಸಕ್ಕರೆ ಏರಿದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಸೋಲುತ್ತವೆ. ಮಾತ್ರೆ, ಇನ್ಸುಲಿನ್ ತಪ್ಪಿಸಬೇಡಿ.

ಊಟವೊಂದರಿಂದಲೇ ಗಾಯ ಮಾಯಲ್ಲ. ಪಾದ ಜೋಮು ಹಿಡಿದಿದ್ದರೆ ನೋವೇ ಗೊತ್ತಾಗಲ್ಲ. ಗಾಯ ಸಣ್ಣದಿದ್ದರೂ ಡಾಕ್ಟರಿಗೆ ತೋರಿಸಿ. ಕೀವು, ವಾಸನೆ, ಜ್ವರ ಬಂದರೆ, ಬೆರಳು ಕಪ್ಪಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.