ಗದುಗಿನ ಗ್ರಹಣಶಾಸನವೂ ಕ್ಷುದ್ರಗ್ರಹಸಂಘಾತದ ಗಣಿತವೂ

ಗದುಗಿನ ತ್ರಿಕೂಟೇಶ್ವರ ದೇವಾಲಯದಲ್ಲಿರುವ ಹೊಯ್ಸಳ ವೀರಬಲ್ಲಾಳನ ಸಂಸ್ಕೃತ ಶಾಸನವು ಕರ್ಣಾಟಕದ ಇತಿಹಾಸಜ್ಞರಿಗೆ ಸುಪರಿಚಿತವಾದುದು. ಶಕ 1114ನೆಯ ಪರಿಧಾವಿ ಸಂವತ್ಸರದ ಮಾರ್ಗಶೀರ್ಷ ಪೌರ್ಣಮಾಸಿ, ಶನಿವಾರ, ಸೋಮಗ್ರಹಣಕಾಲದಲ್ಲಿ ಅರಸನು ದೇವರಿಗೆ ಗ್ರಾಮದಾನ ಮಾಡಿದನೆಂದು ಅದರಲ್ಲಿ ಉಕ್ತವಾಗಿದೆ. ಈ ದಿನವು ಕ್ರಿ. ಶ. 1192ನೆಯ ನವೆಂಬರ್ 21ಕ್ಕೆ ಸರಿಹೋಗುವುದು. ಹಿಂದಕ್ಕೆ ಗಣಿಸಿ ನೋಡಿದರೆ ಸಂವತ್ಸರ, ತಿಥಿ, ವಾರ, ಗ್ರಹಣ ಈ ನಾಲ್ಕೂ ಪರಸ್ಪರ ಹೊಂದಿಕೊಳ್ಳುವುವು. ಎಂಟು ಶತಮಾನಗಳ ಹಿಂದಣ ಚಂದ್ರಸ್ಥಾನವನ್ನು ಇಷ್ಟು ದೃಢವಾಗಿ ಹೇಳಬಲ್ಲ ಗಣಿತವು, ಎಂಟೇ ವರ್ಷಗಳ ಮುಂದೆ ಒಂದು ಆಕಾಶಶಿಲೆಯು ಭೂಮಿಯನ್ನು ತಾಗುವುದೋ ಇಲ್ಲವೋ ಎಂಬಲ್ಲಿ ಏಕೆ ತಡವರಿಸುವುದು? ಈ ಶಂಕೆಯು ವಿಚಾರಾರ್ಹವಾಗಿದೆ.

ಪ್ರಶ್ನೆಯ ಸ್ವರೂಪವು ಎರಡು ಕಡೆಯಲ್ಲಿಯೂ ಒಂದೇ. ಚಂದ್ರನ ವಿಕ್ಷೇಪವು ಚಂದ್ರಬಿಂಬ ಭೂಛಾಯೆಗಳ ಮಾನೈಕ್ಯಾರ್ಧಕ್ಕಿಂತ ಕಡಮೆಯಾದರೆ ಗ್ರಹಣ, ಅಧಿಕವಾದರೆ ಗ್ರಹಣವಿಲ್ಲ ಎಂದು ನಮ್ಮ ಸಿದ್ಧಾಂತಗ್ರಂಥಗಳ ನಿಯಮ. ಅಂತೆಯೇ ಕ್ಷುದ್ರಗ್ರಹದ ಮಾರ್ಗವು ಭೂಕೇಂದ್ರಕ್ಕೆ ಸುಮಾರು 6,378 ಕಿಲೋಮೀಟರಿನ ಭೂವ್ಯಾಸಾರ್ಧಕ್ಕಿಂತ ಸಮೀಪವಾದರೆ ಸಂಘಾತ, ಇಲ್ಲವಾದರೆ ಇಲ್ಲ. ಆದರೆ ಭೂಮಿಯು ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಸಂಚರಿಸುವುದರಿಂದ ತನ್ನ ವ್ಯಾಸದಷ್ಟು ದೂರವನ್ನು ಸುಮಾರು ಏಳು ನಿಮಿಷಗಳಲ್ಲಿ ಕಳೆಯುವುದು. ಶಿಲೆಯ ಆಗಮನಕಾಲದಲ್ಲಿ ಅಷ್ಟು ಅಲ್ಪವಾದ ಅಂತರವುಂಟಾದರೂ ಫಲವು ವಿಪರೀತವಾದೀತು. ಚಂದ್ರನನ್ನು ಮಾನವರು ಸಹಸ್ರಾರು ವರ್ಷ ವೇಧಿಸಿರುವರು. ಹೊಸದಾಗಿ ಕಂಡ ಶಿಲೆಯನ್ನಾದರೋ ಕೆಲವೇ ರಾತ್ರಿ. ತಡವರಿಕೆಗೆ ಕಾರಣವಿದು, ಗಣಿತದ ದೋಷವಲ್ಲ.

ಗಣಿತವನ್ನು ವೇಧದಿಂದ ತಿದ್ದುವ ಈ ಕ್ರಮಕ್ಕೆ ನಮ್ಮವರು ಬೀಜಸಂಸ್ಕಾರವೆಂದು ಹೆಸರಿಟ್ಟರು. ಇದೇ ಸೀಮೆಯ ನರಗುಂದದಲ್ಲಿ 1854ರಲ್ಲಿ ಜನಿಸಿ, ಬಾಗಲಕೋಟೆಯಲ್ಲಿ ಅಧ್ಯಾಪಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರು ದೃಗ್ಗಣಿತೈಕ್ಯಕ್ಕಾಗಿಯೇ ಜ್ಯೋತಿರ್ಗಣಿತವನ್ನೂ ಕೇತಕೀಗ್ರಹಗಣಿತವನ್ನೂ ರಚಿಸಿದರು. ಕಣ್ಣಿಗೆ ಕಾಣದ ಗ್ರಹಣವನ್ನು ಪಂಚಾಂಗವು ಹೇಳಿದರೆ ತಿದ್ದಬೇಕಾದುದು ಪಂಚಾಂಗವೇ ಹೊರತು ಆಕಾಶವಲ್ಲವೆಂಬುದು ಈ ಪಕ್ಷದ ಸಾರ.

2024ನೆಯ ಡಿಸೆಂಬರ್ 27ರಂದು ಚಿಲಿ ದೇಶದ ದೂರದರ್ಶಕದಿಂದ ಕಂಡ '2024 ವೈಆರ್4' ಎಂಬ ಶಿಲೆಯ ವೃತ್ತಾಂತವು ಇದಕ್ಕೆ ನಿದರ್ಶನ. ಅದು 2032ನೆಯ ಡಿಸೆಂಬರ್ 22ರಂದು ಭೂಮಿಯನ್ನು ತಾಗುವ ಸಂಭವವು ಏರುತ್ತ ಹೋಗಿ 2025ನೆಯ ಫೆಬ್ರವರಿ 18ರಂದು ನೂರಕ್ಕೆ ಮೂರನ್ನು ಮೀರಿತು. ಬೀಳಬಹುದಾದ ರೇಖೆಯು ಅರಬ್ಬೀ ಸಮುದ್ರವನ್ನೂ ದಕ್ಷಿಣ ಏಷ್ಯವನ್ನೂ ಹಾದುದರಿಂದ ನಮ್ಮಲ್ಲಿಯೂ ಭೀತಿ ಹಬ್ಬಿತು. ಆದರೆ ಆ ತಿಂಗಳು ಮುಗಿಯುವಷ್ಟರಲ್ಲಿ ಆ ಸಂಭವವು ಶೂನ್ಯಪ್ರಾಯವಾಯಿತು. ಶಾಸ್ತ್ರಜ್ಞರು ಮಾತು ತಪ್ಪಿದರೆಂದು ಕೆಲವರು ಭಾವಿಸಬಹುದು. ಆ ಭಾವನೆಯು ಸಾಧುವಲ್ಲ.

ಶಾಸನಪರಿಶೋಧಕರಿಗೆ ಈ ನ್ಯಾಯವು ಹೊಸತಲ್ಲ. ಶಕಾಂಕವು ಅಳಿಸಿಹೋದ ಒಂದು ಶಿಲೆಗೆ ಲಿಪಿಯಿಂದ ಮೂವತ್ತು ವರ್ಷಗಳು ಸಲ್ಲುವುವೆಂದಿಟ್ಟುಕೊಳ್ಳೋಣ. ಮಾರ್ಗಶೀರ್ಷದ ಸೋಮಗ್ರಹಣವೆಂಬ ಅಕ್ಷರಗಳು ದೊರೆತು ಮೂರೇ ವರ್ಷಗಳು ಉಳಿದರೆ, ಅವುಗಳಲ್ಲಿ ಒಂದೊಂದರ ಸಂಭವವೂ ಮೂವತ್ತರಲ್ಲೊಂದರಿಂದ ಮೂರರಲ್ಲೊಂದಕ್ಕೆ ಏರುವುದು. ಬಳಿಕ ವಾರವು ಓದಿಗೆ ಸಿಕ್ಕಿದಾಗ ಹಾಗೆ ಏರಿದ ವರ್ಷವೇ ತಟ್ಟನೆ ಬಿದ್ದುಹೋಗಬಹುದು. ಶಿಲೆಯ ಕಾಲವು ಬದಲಾಗಲಿಲ್ಲ. ನಮ್ಮ ಅಜ್ಞಾನದ ಕ್ಷೇತ್ರವು ಕಿರಿದಾಯಿತು. ಆಕಾಶಶಿಲೆಯಲ್ಲಿಯೂ ಹಾಗೆಯೇ: ಸಂದೇಹದ ಪಟ್ಟಿಯು ಕುಗ್ಗುತ್ತಿರುವಾಗ ಭೂಮಿಯು ಅದರೊಳಗೇ ಇರುವವರೆಗೆ ಸಂಭವವು ಏರುವುದು; ಭೂಮಿಯು ಹೊರಗುಳಿದೊಡನೆ ಇಳಿಯುವುದು.

2004ರಲ್ಲಿ ಕಂಡ ಅಪೋಫಿಸ್ ಶಿಲೆಗೂ ಇದೇ ಗತಿಯಾಯಿತು. 2029ನೆಯ ಏಪ್ರಿಲ್ 13ರಂದು ಅದು ಭೂತಲದಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಸುರಕ್ಷಿತವಾಗಿ ಸಾಗುವುದೆಂದು ಗಣಿತವು ಹೇಳುತ್ತಿದೆ. ಜನರಿಗೆ ಇಂತಹ ಸಂಖ್ಯೆಗಳನ್ನು ತಿಳಿಯಪಡಿಸುವವರು ಫಲಭಾಗದ ಭವಿಷ್ಯವನ್ನೂ ಗಣಿತಭಾಗದ ಸಂಭವವನ್ನೂ ಬೆರೆಸಲಾಗದು. ಮೊದಲನೆಯದು ತಿದ್ದುಪಡಿಗೆ ಅಂಜುವುದು. ಎರಡನೆಯದು ಅದರಿಂದಲೇ ಬಾಳುವುದು.